ಹೇಮಾವತಿಯ ದಡದಲ್ಲಿ ಬುತ್ತಿ ಬಿಚ್ಚಿದಾಗ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಂಗಸರಿಗೆ ನೀರು ಎಂದರೆ ಕೊಡ, ಬಾವಿ, ಬೋರ್‌ವೆಲ್, ಸರದಿಯ ಮೇಲೆ ಬರುವ ನಲ್ಲಿ. ನೀರಿನ ಮೇಲೆ ಕುಳಿತು ಸುತ್ತಾಡಿ ಬರುವುದೆಂಬುದು ನಮ್ಮ ಲೆಕ್ಕದಲ್ಲೇ ಇಲ್ಲ. ನಮ್ಮಲ್ಲಿ ದೊಡ್ಡ ಹೊಳೆ ಎಲ್ಲಿದೆ? ಕೆರೆ ಕೋಡಿ ಬಿದ್ದರೆ ಅದೇ ನಮಗೆ ಜಾತ್ರೆ. ತುರುವೇಕೆರೆಯ ಮಲ್ಲಾಘಟ್ಟದ ಕೆರೆ ತುಂಬಿದ ವರ್ಷ ಏರಿಯ ಮೇಲೆ ನಿಂತು ನೋಡಿ ಬರುವುದೇ ಒಂದು ಪ್ರವಾಸ.

ಆದ್ದರಿಂದ 2025ರ ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ ಶಿಕ್ಷಕಿಯರು, ಒಂದಿಬ್ಬರು ನೆರೆಹೊರೆಯವರು ಸೇರಿ ಹನ್ನೆರಡು ಜನ, ಹೇಮಾವತಿಯ ಹಿನ್ನೀರಿನಲ್ಲಿ ತೆಪ್ಪದ ಮೇಲೆ ಒಂದು ಸುತ್ತು ಹಾಕಿ, ದಡದಲ್ಲಿ ಊಟ ಮಾಡಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು ಎಂದು ನಿಶ್ಚಯಿಸಿದಾಗ ಮನೆಮನೆಯಲ್ಲೂ ಅದೊಂದು ಸುದ್ದಿಯಾಯಿತು. ಆ ವರ್ಷ ಕೊಬ್ಬರಿಗೆ ಎಂದೂ ಕಾಣದ ಬೆಲೆ ಬಂದಿತ್ತು. ಅಟ್ಟದ ಮೇಲೆ ಕೊಬ್ಬರಿ ಉಳಿಸಿಕೊಂಡಿದ್ದವರ ಮುಖದಲ್ಲಿ ನಗು ಇತ್ತು. ಹಾಗಾಗಿ ಯಜಮಾನರುಗಳೂ ಬೇಡವೆನ್ನಲಿಲ್ಲ. ಒಂದು ಮಿನಿ ಬಸ್ಸು ಗೊತ್ತು ಮಾಡಿಕೊಂಡು ಬೆಳಗಿನ ಆರಕ್ಕೆ ಹೊರಟೆವು. ಅರಸೀಕೆರೆ ದಾಟಿ, ಹಾಸನ ದಾಟಿ, ಇಪ್ಪತ್ತು ಕಿಲೋಮೀಟರಿನಷ್ಟು ಮುಂದಕ್ಕೆ ಹೋದರೆ ಶೆಟ್ಟಿಹಳ್ಳಿ.

ಶೆಟ್ಟಿಹಳ್ಳಿಯ ಹೆಸರು ಕೇಳಿದವರಿಗೆ ಥಟ್ಟನೆ ನೆನಪಾಗುವುದು ನೀರಿನಲ್ಲಿ ನಿಂತ ಇಗರ್ಜಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹಾಸನದ ಈ ಸೀಮೆಗೂ ಫ್ರೆಂಚ್ ಪಾದ್ರಿಗಳಿಗೂ ಅದಕ್ಕಿಂತ ಹಳೆಯ ನಂಟುಂಟು. ಟಿಪ್ಪುವಿನ ಕಾಲ ಮುಗಿದ ಮೇಲೆ ಬಂದ ಅಬ್ಬೆ ದುಬಾಯ್ ಎಂಬ ಪಾದ್ರಿ ಇಲ್ಲಿಗೆ ಸಮೀಪದ ಸತ್ತಿಹಳ್ಳಿಯಲ್ಲಿ ಬಡ ರೈತರನ್ನು ನೆಲೆಗೊಳಿಸಿದರು, ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ಓಡಾಡಿದರು. ನಮ್ಮ ಜನರ ಹಾಗೆ ಉಟ್ಟು, ನಮ್ಮ ಜನರ ಊಟವನ್ನೇ ಉಂಡು ಬಾಳಿ, 1823ರಲ್ಲಿ ತಮ್ಮ ದೇಶಕ್ಕೆ ಮರಳಿದರು. ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ ಶೆಟ್ಟಿಹಳ್ಳಿಯಲ್ಲಿ ಈ ಎತ್ತರದ ಕಟ್ಟಡ ಎದ್ದಿತು. ಹೇಮಾವತಿಗೆ ಗೊರೂರಿನ ಬಳಿ ಅಣೆಕಟ್ಟು ಆಗಿ ಹಿನ್ನೀರು ನಿಂತ ಮೇಲೆ ಊರು ಹೋಯಿತು, ಊರಿನ ಜನ ಹೋದರು, ಈ ಗೋಡೆಗಳು ಮಾತ್ರ ಉಳಿದುಕೊಂಡವು. ಅಂದಿನಿಂದ ಪ್ರತಿ ಮಳೆಗಾಲ ಅರೆ ಮುಳುಗುವುದು, ಪ್ರತಿ ಬೇಸಿಗೆ ಮೇಲೆದ್ದು ನಿಲ್ಲುವುದು.

ನಾನು ಈ ಜಾಗವನ್ನು ಮೊದಲು ನೋಡಿದ್ದು ಬೇಸಿಗೆಯಲ್ಲಿ. ಹಲವು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಹಾಸನಕ್ಕೆ ಹೋಗಿದ್ದಾಗ, ಒಂದು ಭಾನುವಾರ ಅಲ್ಲಿಯ ಶಿಕ್ಷಕಿಯೊಬ್ಬರು ಕರೆದುಕೊಂಡು ಹೋಗಿದ್ದರು. ಆಗ ನೀರು ದೂರದಲ್ಲೆಲ್ಲೋ ಗೆರೆಯಂತೆ ಕಾಣುತ್ತಿತ್ತು. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದುಕೊಂಡೇ ಇಗರ್ಜಿಯವರೆಗೆ ಹೋದೆವು. ದಾರಿಯಲ್ಲಿ ನನ್ನ ಕಾಲಿಗೆ ಏನೋ ಎಡವಿತು. ನೋಡಿದರೆ ಅರ್ಧ ಹೂತುಹೋದ ಒಂದು ಒರಳುಕಲ್ಲು. ರುಬ್ಬಿ ರುಬ್ಬಿ ಒಳಗೋಡೆ ನುಣುಪಾಗಿತ್ತು, ಗುಳಿಯ ತುಂಬ ಒಣಗಿದ ಕೆಸರಿತ್ತು. ಇಗರ್ಜಿಯ ಫೋಟೋ ಬೇಕಾದಷ್ಟು ತೆಗೆದೆವು. ಒರಳಿನದು ತೆಗೆಯಲಿಲ್ಲ. ಆದರೆ ಈಗ ಕಣ್ಣು ಮುಚ್ಚಿದರೆ ನೆನಪಿಗೆ ಬರುವುದು ಅದೇ.

ಈ ಸಲ ನಾವು ಹೋದಾಗ ಅದೇ ಜಾಗದಲ್ಲಿ ಕಣ್ಣು ಹಾಯಿಸುವಷ್ಟು ನೀರು. ಗುಡ್ಡಗಳೆಲ್ಲ ಮೊಣಕಾಲವರೆಗೆ ಇಳಿದು ನಿಂತ ಹಾಗಿದ್ದವು. ಇಗರ್ಜಿ ನಡುನೀರಿನಲ್ಲಿತ್ತು. ಮೀನು ಹಿಡಿಯುವವರೊಬ್ಬರು ತೆಪ್ಪ ತಂದರು. ಅವರ ಬಳಿ ಇದ್ದದ್ದು ಆರು ಜಾಕೆಟ್ಟು. ಆದ್ದರಿಂದ ಒಂದು ಸಲಕ್ಕೆ ಆರೇ ಜನ ಎಂದು ಖಂಡಿತವಾಗಿ ಹೇಳಿದರು. ನಮ್ಮಲ್ಲಿ ಕೆಲವರು ಗೊಣಗಿದರೂ ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಜಾಕೆಟ್ಟಿಲ್ಲದ ತೆಪ್ಪವನ್ನು, ಎಷ್ಟು ಚೌಕಾಸಿ ಮಾಡಿ ಕರೆದರೂ, ಹತ್ತಬೇಡಿರೆಂದು ಓದುಗ ಸೋದರಿಯರಿಗೂ ನನ್ನ ಕಿವಿಮಾತು.

“ಅಮ್ಮಾರೆ, ಸುತ್ತಲೂ ಸಮವಾಗಿ ಕುಂತ್ಕಳಿ. ಯಾರೂ ಏಳಬ್ಯಾಡಿ,” ಎಂದು ಆತ ಹುಟ್ಟು ಹಾಕಿದರು. ತೆಪ್ಪ ಮೊದಲು ಒಂದು ಸುತ್ತು ತಿರುಗಿತು. ನಮ್ಮ ಗಣಿತದ ಟೀಚರು “ಅಯ್ಯೋ, ಇದೇನು ಬುಗುರಿಯಾ!” ಎಂದು ನನ್ನ ತೋಳು ಹಿಡಿದುಕೊಂಡರು. ಅವರದೇನೂ ತಪ್ಪಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ತುಂಗಭದ್ರೆಯಲ್ಲಿ ಇಂಥದೇ ಬುಟ್ಟಿಯಾಕಾರದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು, ಇವು ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಗ್ರೀಕರ ಹೆರೊಡೋಟಸ್ ಬಾಬಿಲೋನಿನ ದುಂಡು ದೋಣಿಗಳ ವಿಷಯ ಬರೆದಿದ್ದ. ತೊಗಲಿನ ಬದಲು ಈಗ ಟಾರು ಬಳಿದ ಪ್ಲಾಸ್ಟಿಕ್ ಚೀಲದ ಹೊದಿಕೆ, ಅಷ್ಟೇ ವ್ಯತ್ಯಾಸ. ಅಣೆಕಟ್ಟು, ಸೇತುವೆ ಬರುವ ಮುಂಚೆ ಈ ಹೊಳೆಯ ಎರಡೂ ದಡದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಿದ್ದುದು, ಬಾಣಂತಿಯಾಗಿ ಕೂಸು ಕಟ್ಟಿಕೊಂಡು ಮರಳುತ್ತಿದ್ದುದು ಇಂಥ ತೆಪ್ಪದಲ್ಲಿಯೇ. ನಮಗೆ ಮೋಜಾದದ್ದು ಅವರಿಗೆ ನಿತ್ಯದ ದಾರಿ.

ಇಗರ್ಜಿಯ ಕೆಲವು ಗೋಡೆಗಳು ಮಳೆಗೆ ಕುಸಿದಿವೆಯೆಂದು ತೆಪ್ಪದವರು ಹತ್ತಿರಕ್ಕೆ ಹೋಗದೆ ಒಂದು ಸುತ್ತು ಹಾಕಿಸಿದರು. ಕಮಾನುಗಳ ನಡುವೆ ನೀರಕ್ಕಿಗಳು ಕುಳಿತಿದ್ದವು. ಎಲ್ಲರೂ ಮಾತು ನಿಲ್ಲಿಸಿದರು. ನಾನು ಮಾತ್ರ ತೆಪ್ಪದ ಅಂಚಿನಿಂದ ಕೆಳಕ್ಕೆ ನೋಡುತ್ತಿದ್ದೆ. ಮಣ್ಣಿನ ಬಣ್ಣದ ನೀರು, ಏನೂ ಕಾಣಿಸದು. ಆ ಒರಳು ಇಲ್ಲೇ ಎಲ್ಲೋ ನಮ್ಮ ಕೆಳಗೇ ಇರಬೇಕು ಎನಿಸಿತು.

ದಡಕ್ಕೆ ಬಂದು, ಎರಡನೆಯ ಗುಂಪೂ ಸುತ್ತಾಡಿ ಬಂದ ಮೇಲೆ, ಮರದ ನೆರಳಿನಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚಿದೆವು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನ, ಕಾಯಿ ಹೋಳಿಗೆ, ಮೊಸರನ್ನ, ಕೊನೆಗೆ ಕೊಬ್ಬರಿ ಮಿಠಾಯಿ. “ಎಲ್ಲದಕ್ಕೂ ಕಾಯಿ ಹಾಕಿದ್ದೀರಲ್ಲ, ತಿಪಟೂರಿನವರು ಎಂದು ಬೋರ್ಡು ಬೇಕಾಗಿಲ್ಲ,” ಎಂದು ಬಸ್ಸಿನ ಚಾಲಕ ತಮಾಷೆ ಮಾಡಿದ.

ಸ್ವಲ್ಪ ದೂರದಲ್ಲಿ ವಯಸ್ಸಾದ ಒಬ್ಬ ಹೆಂಗಸು ಬುಟ್ಟಿಯಲ್ಲಿ ಬೇಯಿಸಿದ ಜೋಳದ ತೆನೆ ಇಟ್ಟುಕೊಂಡು ಕುಳಿತಿದ್ದರು. ಊಟಕ್ಕೆ ಕರೆದೆವು. ಸಂಕೋಚಪಟ್ಟುಕೊಂಡೇ ಬಂದರು.

“ಯಾವೂರವ್ವಾ ನಿಮ್ದು?”

“ತಿಪಟೂರು ಅಜ್ಜಿ.”

“ನಮ್ಮ ನೀರು ಹೋಯ್ತದಲ್ಲ, ಆ ತಿಪಟೂರಾ?”

ಹೌದು ಎಂದೆವು. ಅಜ್ಜಿ ಹೋಳಿಗೆ ಮುರಿದುಕೊಳ್ಳುತ್ತ ಕೇಳಿದರು, “ಕಾಯಿ ಚೆನ್ನಾಗಿ ಬತ್ತದಾ?”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಬೇರೆ ಊರಿಗೆ ಕೊಟ್ಟ ಮಗಳು ಚೆನ್ನಾಗಿದ್ದಾಳೆಯೇ ಎಂದು ವಿಚಾರಿಸುವಂತಿತ್ತು. ಅದಕ್ಕೇ ಇರಬೇಕು, ನನಗೆ ತುತ್ತು ಗಂಟಲಲ್ಲಿ ನಿಂತಿತು. ಅಜ್ಜಿಯ ಹಳೆಯ ಊರು ನೀರಿನಲ್ಲಿದೆ. ಆಗ ಅವರಿಗೆ ಇಬ್ಬರು ಸಣ್ಣ ಮಕ್ಕಳು. ನಾನು ಆ ಒರಳಿನ ವಿಷಯ ಹೇಳಿದೆ. ಅವರು ನಕ್ಕರು. “ಯಾರದೋ ಏನೋ ತಾಯಿ. ಎಲ್ರೂ ಬಿಟ್ಟೇ ಬಂದಿದ್ದು. ಗಾಡೀಲಿ ದವಸ, ಪಾತ್ರೆ, ಮಕ್ಳು. ಒರಳು ಯಾರು ಎತ್ತಾರು? ನಮ್ಮತ್ತೆ ಮಾತ್ರ ಹೊಸಾ ಊರಲ್ಲಿ ಸಾಯೋಗಂಟ, ಈ ಒರಳಲ್ಲಿ ರುಬ್ಬಿದ್ದು ರುಚಿ ಇಲ್ಲ ಅಂತಿದ್ಲು.”

ಇಲ್ಲಿ ಹೇಮಾವತಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಸೀಮೆಯಲ್ಲಿ ಹುಟ್ಟಿ, ಸುಮಾರು 245 ಕಿಲೋಮೀಟರು ಹರಿದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುವ ನದಿ ಇದು. ಮಂಡಗೆರೆ, ಶ್ರೀರಾಮದೇವರ ಕಟ್ಟೆಗಳಿಂದ ಹಿಂದಿನವರು ಇದರ ನೀರನ್ನು ಗದ್ದೆಗಳಿಗೆ ಹರಿಸಿಕೊಂಡಿದ್ದರು. ಆದರೆ ದೊಡ್ಡ ಅಣೆಕಟ್ಟು ಕಟ್ಟಲು ಮೈಸೂರಿಗೆ ಸ್ವಾತಂತ್ರ್ಯವಿರಲಿಲ್ಲ. 1892ರಲ್ಲಿ ಮತ್ತು 1924ರಲ್ಲಿ ಮದ್ರಾಸು ಸರ್ಕಾರದೊಡನೆ ಆದ ಒಪ್ಪಂದಗಳ ಕಟ್ಟುಪಾಡಿತ್ತು. ಸ್ವಾತಂತ್ರ್ಯ ಬಂದ ಮೇಲೂ ಕೇಂದ್ರದ ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ. ಹಾರಂಗಿ, ಕಬಿನಿ, ಹೇಮಾವತಿ ಯೋಜನೆಗಳನ್ನು ರಾಜ್ಯ ತನ್ನ ಕೈಯ ಹಣದಿಂದಲೇ ನಡೆಸಬೇಕಾಯಿತು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. 2,922 ಅಡಿ ಮಟ್ಟಕ್ಕೆ ತುಂಬಿದರೆ 37 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ನೀರಿನ ಒಂದೊಂದು ಅಳತೆಗೂ ವರ್ಷಗಟ್ಟಲೆ ವಾದ ನಡೆಯಿತು.

ಅಣೆಕಟ್ಟಿನ ಎಡದಂಡೆಯ ನಾಲೆಯೇ ನಮ್ಮ ಕಡೆಗೆ ಬರುವುದು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಏರು ನೆಲ ಅಡ್ಡ ಬಂದದ್ದರಿಂದ ಬಾಗೂರು–ನವಿಲೆಯ ನಡುವೆ ಹತ್ತಿರ ಹತ್ತು ಕಿಲೋಮೀಟರು ಉದ್ದದ ಸುರಂಗ ಕೊರೆದರು. ಆ ಸುರಂಗದಿಂದ ನಷ್ಟವಾಯಿತೆಂದು ಪರಿಹಾರಕ್ಕಾಗಿ ಓಡಾಡಿದ ರೈತರಿದ್ದಾರೆ. ಶೆಟ್ಟಿಹಳ್ಳಿಯ ಕಡೆ ಮುಳುಗಡೆಯಾದವರ ಭೂಮಿಯ ಅಹವಾಲುಗಳಂತೂ ನಲವತ್ತು ವರ್ಷ ದಾಟಿದರೂ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಸುರಂಗ ದಾಟಿದ ನೀರು ತುಮಕೂರು ಶಾಖಾ ನಾಲೆಯಾಗಿ ನಮ್ಮ ಕೆರೆಗಳನ್ನು ತುಂಬಿಸುತ್ತದೆ. ತಿಪಟೂರಿನ ಮನೆಗಳಿಗೆ ಈಚನೂರು ಕೆರೆಯಿಂದ ಬರುವ ಕುಡಿಯುವ ನೀರೂ ಹೇಮಾವತಿಯದೇ.

ಈ ನೀರು ಬಂದದ್ದರ ಬೆಲೆ ನನಗೆ ಗೊತ್ತು. ನಾನು ಹುಡುಗಿಯಾಗಿದ್ದಾಗ ನಮ್ಮಮ್ಮ ನಾಲ್ಕು ಗಂಟೆಗೆ ಎದ್ದು ಬಾವಿಗೆ ಹೋಗುತ್ತಿದ್ದರು. ಒರತೆ ನೀರನ್ನು ಚೊಂಬಿನಲ್ಲಿ ಮೊಗೆದು ಕೊಡ ತುಂಬಿಸಬೇಕಿತ್ತು. ತೆಂಗಿನ ಮರಗಳ ಗರಿ ಜೋತುಬಿದ್ದ ಬರಗಾಲದಲ್ಲಿ ಅಪ್ಪ ಮರದ ಬುಡಕ್ಕೆ ಒರಗಿ ಸುಮ್ಮನೆ ಕುಳಿತಿರುತ್ತಿದ್ದರು. ಮುಂದೆ ತೊಂಬತ್ತರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದು ಕಾಯಿಗಳು ನಿಂಬೆಹಣ್ಣಿನಂತಾದಾಗಲೂ ನಾವು ಉಸಿರು ಹಿಡಿದದ್ದು ಕೆರೆಯಲ್ಲಿ ನಾಲೆಯ ನೀರು ಇತ್ತೆಂದು. ನನ್ನ ಮಗಳು ಕೊಡ ಹೊರದೆ ಓದಿದಳು. ಅಣೆಕಟ್ಟು ಕಟ್ಟಬಾರದಿತ್ತು ಎಂದು ಹೇಳುವ ಬಾಯಿ ನನಗಿಲ್ಲ. ಹೇಳಿದರೆ ಅದು ಹುಸಿ ಮಾತು.

ಆದರೆ ನಾವು ಎಷ್ಟು ಬೇಗ ಮರೆತೆವು! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇವೆ. ನಾವೇ ದಾಟಿ ಕುಳಿತವರು ಎಂಬುದು ತಿಳಿಯುವುದಿಲ್ಲ. 2025ರಲ್ಲಿ ಇದೇ ನೀರನ್ನು ಲಿಂಕ್ ಕಾಲುವೆಯಿಂದ ಮುಂದಕ್ಕೆ ಒಯ್ಯುವ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ಚಳವಳಿ ನಡೆಯಿತು. “ನಮ್ಮ ನೀರು, ನಮ್ಮ ಹಕ್ಕು” ಎಂದು ಎಲ್ಲರೂ ಮಾತಾಡಿದರು. ನಾನೂ ಮಾತಾಡಿದೆ. ನಮ್ಮ ಪಾಲು ನಮಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಶೆಟ್ಟಿಹಳ್ಳಿಯ ದಡದಲ್ಲಿ ಆ ಅಜ್ಜಿಯ ಬಾಯಿಂದ “ನಮ್ಮ ನೀರು” ಎಂಬ ಮಾತು ಕೇಳಿದ ಮೇಲೆ, ಅದನ್ನು ನಾನು ಮೊದಲಿನಷ್ಟು ಗಟ್ಟಿ ದನಿಯಲ್ಲಿ ಆಡಲಾರೆ.

ಹೊರಡುವಾಗ ಅಜ್ಜಿಗೆ ಕೊಬ್ಬರಿ ಮಿಠಾಯಿಯ ಡಬ್ಬಿ ಕೊಟ್ಟೆವು. ಅವರು ಪ್ರತಿಯಾಗಿ ಹನ್ನೆರಡು ತೆನೆ ಎಣಿಸಿ ಸೆರಗಿಗೆ ಹಾಕಿದರು. ದುಡ್ಡು ಕೊಡಹೋದರೆ, “ಊಟಕ್ಕೆ ಕರೆದೋರ ತಾವ ಕಾಸು ಈಸ್ಕತಾರಾ?” ಎಂದು ಗದರಿಸಿದರು. ಬಸ್ಸಿನಲ್ಲಿ ಹಾಡು, ಅಂತ್ಯಾಕ್ಷರಿ ಎಲ್ಲ ಆಯಿತು. ಅರಸೀಕೆರೆ ದಾಟಿದ ಮೇಲೆ ಎರಡೂ ಬದಿಗೆ ತೆಂಗಿನ ತೋಟಗಳು ಶುರುವಾದವು. ಸಂಜೆ ಬಿಸಿಲಿನಲ್ಲಿ ಗರಿಗಳು ಮಿರಿಮಿರಿ ಎನ್ನುತ್ತಿದ್ದವು. ನಮ್ಮ ಗಣಿತದ ಟೀಚರು ಕಿಟಕಿಯಿಂದ ನೋಡುತ್ತ, “ಒಂದೊಂದು ಮರಕ್ಕೂ ಒಂದೊಂದು ಒರಳು ಎಂದು ಲೆಕ್ಕ ಹಾಕಿದರೆ?” ಎಂದರು. ಯಾರೂ ಉತ್ತರ ಹೇಳಲಿಲ್ಲ.

ಸೋಮವಾರ ಎಂಟನೆಯ ತರಗತಿಯಲ್ಲಿ ನೀರಾವರಿಯ ಪಾಠವಿತ್ತು. ನಾನು ವರ್ಷಾನುವರ್ಷದಿಂದ ಕಪ್ಪುಹಲಗೆಯ ಮೇಲೆ ಅಣೆಕಟ್ಟಿನ ಉಪಯೋಗಗಳು ಎಂದು ನಾಲ್ಕು ಅಂಶ ಬರೆಸುತ್ತ ಬಂದವಳು. ನೀರಾವರಿ, ಕುಡಿಯುವ ನೀರು, ವಿದ್ಯುತ್ತು, ಮೀನುಗಾರಿಕೆ. ಅಂದು ನಾಲ್ಕೂ ಬರೆಸಿ, ಕೆಳಗೆ ಐದನೆಯದಾಗಿ ಶೆಟ್ಟಿಹಳ್ಳಿ ಎಂದು ಬರೆದು, ಒರಳಿನ ಕಥೆ ಹೇಳಿದೆ. ಮಕ್ಕಳು ಸದ್ದಿಲ್ಲದೆ ಕೇಳಿದರು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಇದು ಪರೀಕ್ಷೆಗೆ ಬರುತ್ತಾ?” ಎಂದಳು.

“ಬರೋದಿಲ್ಲ ಮಗಳೇ, ಆದರೂ ಬರಕೋ,” ಎಂದೆ.