ಮೊದಲ ಕಾಗದ ಬರೆಯುವವರು: ವಾಶಿ, ಮುಂಬ್ರಾ ಪ್ರಕರಣಗಳ ಕುರಿತು ಒಂದು ಟಿಪ್ಪಣಿ

ನವಿ ಮುಂಬೈನ ಮಹಾಪೆಯಿಂದ ಠಾಣೆ–ಬೇಲಾಪುರ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ವಾಶಿ. ಶೀಳಫಾಟಾ ಕಡೆಗೆ ಹೊರಳಿ ಮೇಲೆ ಹೋದರೆ ಮುಂಬ್ರಾ ಬೈಪಾಸ್. ಎನ್‌ಕೌಂಟರ್ ಸಾವುಗಳ ವಿಷಯದಲ್ಲಿ ಬಾಂಬೆ ಹೈಕೋರ್ಟ್ ಪೊಲೀಸರನ್ನು ಕಟಕಟೆಗೆ ತಂದ ಎರಡು ಪ್ರಕರಣಗಳ ಎಳೆ ಈ ಎರಡು ಜಾಗಗಳಲ್ಲಿದೆ. ಅವುಗಳ ನಡುವೆ 18 ವರ್ಷಗಳ ಅಂತರ. ಪಕ್ಕಪಕ್ಕ ಇಟ್ಟು ಓದಿದರೆ, ಕೆಲವು ದುಡುಕು ಅಧಿಕಾರಿಗಳ ತಲೆಗೆ ತಪ್ಪು ಕಟ್ಟಿ ಕೈತೊಳೆದುಕೊಳ್ಳುವುದು ಕಷ್ಟವಾಗುತ್ತದೆ. ಸಾವಿನ ಬಗ್ಗೆ ಮೊದಲ ಕಾಗದ ಬರೆಯುವ ಅಧಿಕಾರ ಯಾರಿಗಿದೆ ಎಂಬುದರಲ್ಲೇ ತೊಡಕಿನ ಬಹುಪಾಲು ಇದೆ ಎಂದು ನನಗೆ ತೋರುತ್ತದೆ.

2006ರ ನವೆಂಬರ್ 11ರಂದು ಹಗಲು ಹೊತ್ತಿನಲ್ಲೇ ವಾಶಿಯಿಂದ ರಾಮ್‌ನಾರಾಯಣ ಗುಪ್ತಾ ಅಲಿಯಾಸ್ ಲಖನ್ ಭಯ್ಯಾ ಮತ್ತು ಅವನ ಗೆಳೆಯನನ್ನು ಪೊಲೀಸರು ಎತ್ತಿಕೊಂಡು ಹೋದರು. ಅದೇ ರಾತ್ರಿ ಎಂಟರ ಸುಮಾರಿಗೆ ವರ್ಸೋವಾದ ನಾನಾ ನಾನಿ ಪಾರ್ಕ್ ಬಳಿ ಗುಂಡಿನ ಚಕಮಕಿಯಲ್ಲಿ ಲಖನ್ ಸತ್ತನೆಂದು ಪೊಲೀಸರು ದಾಖಲಿಸಿದರು. ಇಂಥ ದಾಖಲೆಗಳಲ್ಲಿ ಸತ್ತವನೇ ಆರೋಪಿ, ಪೊಲೀಸರ ಮೇಲೆ ಕೊಲೆಯತ್ನ ಅವನ ಅಪರಾಧ. ಆರೋಪಿ ಬದುಕಿಲ್ಲವಾದ್ದರಿಂದ ವಿಚಾರಣೆಯೂ ಇಲ್ಲ, ಕಡತ ಮುಚ್ಚುತ್ತದೆ. ಇಲ್ಲಿ ಮುಚ್ಚಲಿಲ್ಲ. ಸಹೋದರ ರಾಮ್‌ಪ್ರಸಾದ್ ಗುಪ್ತಾ ವಕೀಲರು. ಅಪಹರಣದ ಸುದ್ದಿ ಸಿಕ್ಕ ಮೇಲೆ, ಗುಂಡು ಹಾರುವ ಮೊದಲೇ, ಪೊಲೀಸ್ ಕಮಿಷನರ್ ಕಚೇರಿಗಳಿಗೆ ಟೆಲಿಗ್ರಾಂ, ಫ್ಯಾಕ್ಸ್ ಕಳಿಸಿಬಿಟ್ಟಿದ್ದರು. ಟೆಲಿಗ್ರಾಂ ಮೇಲೆ ಹೊತ್ತು ಬಿದ್ದಿರುತ್ತಿತ್ತು, ಅದನ್ನು ಯಾವ ಪೊಲೀಸ್ ಠಾಣೆಯವರೂ ತಿದ್ದುವಂತಿರಲಿಲ್ಲ. ಈ ಪ್ರಕರಣದಲ್ಲಿ ಪೊಲೀಸರ ಕೈಯಿಂದ ಬರದ ಮೊದಲ ಕಾಗದ ಅದು.

ಅಷ್ಟಿದ್ದರೂ ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಲು 2009ರ ಆಗಸ್ಟ್ ಬರಬೇಕಾಯಿತು. ಲಖನ್ ಜೊತೆ ಅಪಹರಣಕ್ಕೊಳಗಾಗಿದ್ದ ಗೆಳೆಯ, ಮುಖ್ಯ ಸಾಕ್ಷಿ, ಕೋರ್ಟಿನಲ್ಲಿ ಹೇಳಿಕೆ ಕೊಡುವ ಮುನ್ನ 2011ರ ಮಾರ್ಚ್‌ನಲ್ಲಿ ಕಾಣೆಯಾಗಿ ಮನೋರ್ ಕಡೆ ಶವವಾಗಿ ಸಿಕ್ಕ. 2013ರಲ್ಲಿ 13 ಪೊಲೀಸರೂ ಸೇರಿ 21 ಮಂದಿ ದೋಷಿಗಳಾದರು, ಎನ್‌ಕೌಂಟರ್ ತಂಡದ ನೇತೃತ್ವ ವಹಿಸಿದ ಆರೋಪ ಹೊತ್ತ ಪೊಲೀಸ್ ಅಧಿಕಾರಿ ಪ್ರದೀಪ್ ಶರ್ಮಾ ಖುಲಾಸೆಯಾದರು. 2015ರಲ್ಲಿ ರಾಜ್ಯ ಸರ್ಕಾರ 11 ಪೊಲೀಸರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2017ರಲ್ಲಿ ಶರ್ಮಾ ಮತ್ತೆ ಕೆಲಸಕ್ಕೆ ಸೇರಿ ಠಾಣೆ ನಗರದ ಸುಲಿಗೆ ನಿಗ್ರಹ ದಳದ ಮುಖ್ಯಸ್ಥರಾದರು. ಖುಲಾಸೆಯಾದವರಿಗೆ ಕೆಲಸ ಕೊಡುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಆದರೆ ಮೇಲ್ಮನವಿ ಬಾಕಿ ಇರುವಾಗ ಇಂಥದೇ ಹುದ್ದೆ ಕೊಟ್ಟದ್ದು ಇಲಾಖೆಯ ಆಯ್ಕೆ, ಕೆಳಗಿನವರು ಅದರಿಂದ ಏನು ಅರ್ಥ ಮಾಡಿಕೊಳ್ಳುತ್ತಾರೆಂಬುದು ಗುಟ್ಟೇನಲ್ಲ. 2024ರ ಮಾರ್ಚ್ 19ರಂದು ಹೈಕೋರ್ಟ್ ಖುಲಾಸೆ ರದ್ದುಮಾಡಿ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಅವರು ಸುಪ್ರೀಂ ಕೋರ್ಟ್‌ಗೆ ಹೋದರು.

ಆರು ತಿಂಗಳ ಬಳಿಕ, 2024ರ ಸೆಪ್ಟೆಂಬರ್ 23ರ ಸಂಜೆ, ಬದ್ಲಾಪುರದ ಶಾಲೆಯ ಪುಟ್ಟ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಿಯನ್ನು ತಳೋಜಾ ಜೈಲಿನಿಂದ ಕರೆತರುತ್ತಿದ್ದ ಪೊಲೀಸ್ ವ್ಯಾನಿನೊಳಗೆ, ಮುಂಬ್ರಾ ಬೈಪಾಸ್ ಬಳಿ, ಗುಂಡಿಟ್ಟು ಕೊಲ್ಲಲಾಯಿತು. ಪಿಸ್ತೂಲು ಕಿತ್ತುಕೊಂಡು ಗುಂಡು ಹಾರಿಸಿದ ಎಂದರು ಪೊಲೀಸರು. ಮತ್ತೆ ಸತ್ತವನ ಮೇಲೆ ಕೊಲೆಯತ್ನದ ಕೇಸು. ಸಾವಿಗೆ ಎಡಿಆರ್ (ಆಕಸ್ಮಿಕ ಸಾವಿನ ವರದಿ), ಅಂದರೆ ಕರ್ನಾಟಕದ ಯುಡಿಆರ್. ಬದ್ಲಾಪುರದಲ್ಲಿ ಜನ ಸಿಹಿ ಹಂಚಿದರು. 2025ರ ಏಪ್ರಿಲ್‌ನಲ್ಲಿ ಬಾಲಕಿಯ ಕೊಲೆ ಆರೋಪಿ ಪೊಲೀಸರ ಗುಂಡಿಗೆ ಸತ್ತಾಗ ಹುಬ್ಬಳ್ಳಿಯಲ್ಲಿ ಕೇಳಿದ ಜೈಕಾರ ನೆನಪಿರುವವರಿಗೆ ಅದರಲ್ಲಿ ಅಚ್ಚರಿಯಿಲ್ಲ. ಆ ಚಪ್ಪಾಳೆ ಪ್ರೋತ್ಸಾಹವೇನೋ ಹೌದು, ಆದರೆ ಮೊದಲ ಕಾಗದವನ್ನು ಯಾರೂ ಅದನ್ನು ಕೇಳಿ ಬರೆಯುವುದಿಲ್ಲ.

ಮುಂಬ್ರಾ ಘಟನೆಯ ದಿನಕ್ಕೆ ಸರಿಯಾಗಿ ಹತ್ತು ವರ್ಷ ಹಿಂದೆ, 2014ರ ಸೆಪ್ಟೆಂಬರ್ 23ರಂದು, ಮಹಾರಾಷ್ಟ್ರ ಸರ್ಕಾರದ ವಿರುದ್ಧ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ನಿರ್ದೇಶನ ಕೊಟ್ಟಿತ್ತು. ಮುಂಬೈಯಲ್ಲಿ 1995–97ರ ನಡುವಿನ 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಜನ ಸತ್ತದ್ದು ಅದರ ಹಿನ್ನೆಲೆ. ಸಿಐಡಿ ಅಥವಾ ಬೇರೆ ಪೊಲೀಸ್ ಠಾಣೆಯ ತಂಡದಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಎನ್‌ಕೌಂಟರ್ ಆದ ಬೆನ್ನಿಗೆ ಬಡ್ತಿ–ಪದಕ ಬೇಡ: ಎಲ್ಲವೂ ಅದರಲ್ಲಿವೆ. ಎಫ್‌ಐಆರ್ ದಾಖಲಿಸಬೇಕೆಂದೂ ಇದೆ, ಆದರೆ ಆರೋಪಿ ಯಾರೆಂದು ಬಿಡಿಸಿ ಹೇಳಿಲ್ಲ. ಗುಂಡು ಹಾರಿಸಿದ ಪೊಲೀಸರ ಮೇಲೇ ಕೇಸು ದಾಖಲಾಗಬೇಕೆಂದು 2009ರಲ್ಲಿ ಆಂಧ್ರ ಹೈಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತ್ತು. ಸತ್ತವನನ್ನೇ ಆರೋಪಿಯಾಗಿಸಿ ನಿರ್ದೇಶನ ಪಾಲಿಸಿದೆವೆಂದು ಹೇಳಲು ಜಾಗ ಉಳಿದದ್ದು ಹಾಗೆ.

ಮುಂಬ್ರಾ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ವರದಿ ವ್ಯಾನಿನಲ್ಲಿದ್ದ ಐವರು ಪೊಲೀಸರನ್ನು ಹೊಣೆಯಾಗಿಸಿತು. ಪಿಸ್ತೂಲಿನ ಮೇಲೆ ಸತ್ತವನ ಬೆರಳಚ್ಚು ಇರಲಿಲ್ಲ. ಸಿಐಡಿಯ ಎಡಿಆರ್ ತನಿಖೆ ನಡೆದಿದೆ, ಪ್ರತ್ಯೇಕ ಎಫ್‌ಐಆರ್ ಏಕೆ ಎಂಬುದು ಸರ್ಕಾರದ ನಿಲುವಾಗಿತ್ತು. ಇಲ್ಲಿ ಟೆಲಿಗ್ರಾಂ ಕಳಿಸುವ ವಕೀಲ ಸಹೋದರ ಇರಲಿಲ್ಲ. ಕೇಸು ಮುಂದುವರಿಸುವುದು ಬೇಡವೆಂದು ತಂದೆತಾಯಿಯೇ ಕೋರ್ಟಿಗೆ ಹೇಳಿದರು. ಹೈಕೋರ್ಟ್ ಹಿರಿಯ ವಕೀಲೆ ಮಂಜುಳಾ ರಾವ್ ಅವರನ್ನು ಅಮಿಕಸ್ ಕ್ಯೂರಿಯಾಗಿ (ಕೋರ್ಟಿಗೆ ನೆರವಾಗುವ ವಕೀಲರಾಗಿ) ನೇಮಿಸಿ ವಿಚಾರಣೆ ನಡೆಸಿತು. ಏಪ್ರಿಲ್ 7ರಂದು ಮುಂಬೈನ ಜಂಟಿ ಪೊಲೀಸ್ ಆಯುಕ್ತರ ಮೇಲ್ವಿಚಾರಣೆಯಲ್ಲಿ ವಿಶೇಷ ತನಿಖಾ ತಂಡಕ್ಕೆ ಆದೇಶಿಸಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾರ್ಪಡಿಸಿ, ತಂಡ ರಚಿಸುವ ಹೊಣೆಯನ್ನು ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ ವಹಿಸಿತು.