ಕೂಲಿ ಕೇಳುವ ಬಾಯಿ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಕಡೆ ಹತ್ತಿ ಬಿಡಿಸುವ, ಕಳೆ ಕೀಳುವ ಕೈಗಳು ಹೆಚ್ಚಾಗಿ ಹೆಂಗಸರವೇ. ಕೂಲಿ ಇಷ್ಟೆಂದು ಗೊತ್ತುಮಾಡುವ ಬಾಯಿ ಮಾತ್ರ ಬಹುಕಾಲ ಬೇರೆಯವರದು.

1989ರಲ್ಲಿ ಮೈಸೂರು, ಬಿಜಾಪುರ, ಬೀದರ್ ಜಿಲ್ಲೆಗಳಲ್ಲಿ 'ಮಹಿಳಾ ಸಮಖ್ಯಾ' ಶುರುವಾಯಿತು. ಅದು ಸಾಲ ಕೊಡಲಿಲ್ಲ, ಹೊಲಿಗೆ ಯಂತ್ರ ಹಂಚಲಿಲ್ಲ. ಬಡ ಹೆಂಗಸರ, ಅದರಲ್ಲೂ ದಲಿತ ಕೂಲಿ ಹೆಂಗಸರ ಸಂಘಗಳನ್ನು ಕಟ್ಟಿತು. ಸುಮಾರು ಹತ್ತು ಹಳ್ಳಿಗೊಬ್ಬ ಸಹಯೋಗಿನಿ. ಅವಳ ಕೆಲಸ ಉತ್ತರ ಹೇಳುವುದಲ್ಲ, ಪ್ರಶ್ನೆ ಕೇಳುವ ಧೈರ್ಯ ತುಂಬುವುದು. ಪಡಿತರ ಯಾಕೆ ಬರಲಿಲ್ಲ? ಗಂಡಾಳಿಗಷ್ಟು, ಹೆಣ್ಣಾಳಿಗಿಷ್ಟು ಯಾಕೆ? ಹೀಗೆ ಕೇಳುತ್ತ ಕೇಳುತ್ತಲೇ ಅವರಲ್ಲಿ ಮುಂದಾಳುಗಳು ಹುಟ್ಟಿದರು. 1993ರ ಪಂಚಾಯತ್ ರಾಜ್ ಕಾಯ್ದೆ ಹೆಂಗಸರಿಗೆ ಮೂರರಲ್ಲೊಂದು ಸ್ಥಾನ ಮೀಸಲಿಟ್ಟಾಗ ಸಂಘದ ಹಲವರು ಗೆದ್ದು ಪಂಚಾಯಿತಿಯಲ್ಲಿ ಕೂತರು.

2005ರ ಉದ್ಯೋಗ ಖಾತ್ರಿ ಕಾಯ್ದೆ ಮನೆಗೆ ವರ್ಷಕ್ಕೆ 100 ದಿನದ ಕೆಲಸ, ಗಂಡುಹೆಣ್ಣಿಗೆ ಸಮಾನ ಕೂಲಿ ಎಂದಿತು. ಆದರೆ ಅರ್ಜಿ ಹಾಕಿ ಕೇಳಿದವರಿಗಷ್ಟೇ ಕೆಲಸ! ಕೇಳಲು ಕಲಿಯದವಳಿಗೆ ಕಾಯ್ದೆಯಿದ್ದೂ ಇಲ್ಲದ ಹಾಗೆ.

2016ರಲ್ಲಿ ಸಮಖ್ಯಾಕ್ಕೆ ಕೇಂದ್ರದ ನೆರವು ನಿಂತಿತು. ಕಲಿಸುವವರು ಹೋದ ಮೇಲೆ ಆ ಪಾಠ ಯಾರ ಪಾಲಿಗೆ? ಪಟ್ಟಣದ ನಮಗೂ ಅದರಲ್ಲಿ ಪಾಲಿದೆ. ನಮ್ಮ ಮನೆಗೆಲಸದವಳು ಸಂಬಳ ಹೆಚ್ಚಿಸಿ ಎಂದು ಎದುರು ನಿಂತಾಗ, 'ಇವಳಿಗೆ ಬಾಯಿ ಜಾಸ್ತಿ' ಎನ್ನುವ ಮೊದಲು ಒಂದು ಗಳಿಗೆ ತಡೆಯೋಣ. ಆ ಬಾಯಿ ಬರಲು ಎಷ್ಟು ವರ್ಷ ಹಿಡಿಯಿತೋ!