ಕೇಳಿಸಿಕೊಳ್ಳುವ ಮನೆ, ಕೇಳಿಸಿಕೊಳ್ಳುವ ಶಾಲೆ: ಲಿಂಗತ್ವ ಅಲ್ಪಸಂಖ್ಯಾತ ಹದಿಹರೆಯದವರಿಗೆ ಬೇಕಾದ ಬೆಂಬಲ

ಪೀಠಿಕೆ

2011ರ ಜನಗಣತಿಯಲ್ಲಿ ದೇಶದ 4,87,803 ಮಂದಿ ಗಂಡು, ಹೆಣ್ಣು ಎಂಬೆರಡನ್ನೂ ಬಿಟ್ಟು ‘ಇತರೆ’ ಎಂದು ದಾಖಲಾದರು. ಅವರಲ್ಲಿ 54,854 ಮಂದಿ ಆರು ವರ್ಷದವರೆಗಿನ ಮಕ್ಕಳು. ಈ ಅಂಕಿಯಲ್ಲಿ ಅಂತರಲಿಂಗಿ ಮಕ್ಕಳೂ ಸೇರಿರಬಹುದು, ಬರೆದುಕೊಳ್ಳುವಾಗಿನ ತಪ್ಪೂ ಇರಬಹುದು. ತಾವು ಯಾರೆಂಬುದನ್ನು ಅನೇಕರು ಬಾಯಿಬಿಟ್ಟು ಹೇಳುವುದು ಹದಿಹರೆಯದಲ್ಲಿ. ಹೇಳಿದ್ದನ್ನು ದೊಡ್ಡವರು ಕೇಳಿಸಿಕೊಳ್ಳದೆ ಇರುವುದೂ ಆಗಲೇ. ಕರ್ನಾಟಕವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿ ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟು ಇತರ ರಾಜ್ಯಗಳಿಗೆ ದಾರಿ ತೋರಿತು. ಆದರೆ ಮೀಸಲಾತಿಯ ಫಲ ಸಿಗಬೇಕಾದರೆ ಮಗು ಶಾಲೆ ಮುಗಿಸಬೇಕು, ಅದಕ್ಕೂ ಮೊದಲು ಮನೆಯಲ್ಲಿ ಉಳಿಯಬೇಕು. ಹೀಗೆ ಉಳಿಯುವಂತೆ ಮಾಡುವ ಬೆಂಬಲ ಯಾವುದು ಎಂಬುದೇ ಈ ಲೇಖನದ ಪ್ರಶ್ನೆ.

ಮನೆಯಿಂದ ಹೊರಗಿನ ಆಸರೆ

ನಮ್ಮ ಪರಂಪರೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಜಾಗವೇ ಇರಲಿಲ್ಲವೆನ್ನುವುದು ಸರಿಯಲ್ಲ. ಉತ್ತರ ಕರ್ನಾಟಕದಲ್ಲಿ ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಹೆಸರಿನಲ್ಲಿ ಜೋಗಪ್ಪಗಳಾಗುವ ಪದ್ಧತಿ ಹಳೆಯದು. ಹುಡುಗನೆಂದು ಬೆಳೆಸಿದ ಮಗುವಿನ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟುತ್ತಾರೆ. ದೇವಿಯೇ ಕರೆದಳೆಂಬ ನಂಬಿಕೆಯಿಂದ ಊರಿನ ಗೌರವವೂ ಒಂದಿಷ್ಟು ಸಿಗುತ್ತದೆ. ಆದರೆ ಈ ಗೌರವ ಪಡೆದ ಮಗು ಹಲವು ಸಲ ಮನೆಯ ಮಗುವಾಗಿ ಉಳಿಯುವುದಿಲ್ಲ.

ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರ ಬದುಕು ಇದಕ್ಕೆ ಸಾಕ್ಷಿ. ಹದಿಹರೆಯದಲ್ಲಿ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡ ಅವರು ಆಮೇಲೆ ಮನೆ ತೊರೆದರು, ಭಿಕ್ಷೆ ಬೇಡಿದರು, ವಿಷ ಕುಡಿದು ಬದುಕುಳಿದರು. ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯ ಕಲಿತ ಮೇಲೆ ಕೈ ಹಿಡಿದದ್ದು ಕಲೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಎತ್ತರಕ್ಕೆ ನಾವು ಹೆಮ್ಮೆಪಡುವುದು ಸಹಜ; ಅಲ್ಲಿಗೇರಲು ಒಂದು ಎಳೆಯ ಜೀವ ವಿಷದ ಅಂಚಿನಿಂದ ಹಾದುಬರಬೇಕಾಯಿತೆಂಬುದನ್ನು ಮರೆಯಬಾರದು. ನಗರಗಳಲ್ಲಿ ಹಮಾಮು ಎಂಬ ಸಮುದಾಯದ ಮನೆಗಳೂ ಗುರು–ಚೇಲಾ ಸಂಬಂಧಗಳೂ ಮನೆ ಬಿಟ್ಟು ಬಂದವರಿಗೆ ಆಸರೆಯಾಗಿವೆ. ಹೆಣ್ಣೆಂದು ಬೆಳೆಸಲ್ಪಟ್ಟ ಟ್ರಾನ್ಸ್ ಹುಡುಗರಿಗಾದರೋ ಪರಂಪರೆ ಇಷ್ಟು ಬಾಗಿಲನ್ನೂ ತೆರೆದಿಲ್ಲ. ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆಂಬ ಒತ್ತಡವೇ ಅವರಲ್ಲಿ ಹಲವರ ಪಾಲಿಗೆ ಬರುವುದು.

ಕಾನೂನು ನಂಬಿದ ಮನೆ

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯೊಬ್ಬರು ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರಲ್ಲಿ ಬಂದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ನ್ಯಾಯಾಲಯದ ಆದೇಶವಿಲ್ಲದೆ ಹೆತ್ತವರಿಂದ ಬೇರ್ಪಡಿಸಬಾರದೆಂದಿತು. ಮನೆಯವರು ನೋಡಿಕೊಳ್ಳಲಾಗದಿದ್ದರೆ ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ಗುರುತಿನ ಪ್ರಮಾಣಪತ್ರಕ್ಕೆ ಅಪ್ರಾಪ್ತರ ಪರವಾಗಿ ಅರ್ಜಿ ಹಾಕಬೇಕಾದವರೂ ಹೆತ್ತವರು ಅಥವಾ ಪೋಷಕರೇ. ಅಂದರೆ 18 ತುಂಬುವವರೆಗೆ ಎಲ್ಲ ಬಾಗಿಲಿನ ಕೀಲಿಯೂ ಮನೆಯವರ ಕೈಯಲ್ಲಿದೆ. ಆ ಮನೆಯೇ ಹೊಡೆಯುವ, ಕೂಡಿಹಾಕುವ, ಮಂತ್ರವಾದಿಯ ಬಳಿಗೆ ಒಯ್ಯುವ ಮನೆಯಾದರೆ ಕಾನೂನಿನ ಬರಹ ಮಗುವನ್ನು ಕಾಯದು. ಆದ್ದರಿಂದ ಹೆತ್ತವರನ್ನು ಸಿದ್ಧಗೊಳಿಸುವುದು ಹಕ್ಕಿನ ಪ್ರಶ್ನೆಯೇ.

ಹೆಸರು ಕೂಗುವ ಹೊತ್ತು

ಬೆಂಬಲದ ಪರಿಣಾಮವನ್ನು ಅಳೆದ ಅಧ್ಯಯನಗಳಿವೆ. ಅಮೆರಿಕದಲ್ಲಿ ಸ್ಟೀಫನ್ ರಸೆಲ್ ಮತ್ತು ಸಂಗಡಿಗರು 15ರಿಂದ 21 ವಯಸ್ಸಿನ 129 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಮಾತಾಡಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾವು ಆರಿಸಿಕೊಂಡ ಹೆಸರಿನಿಂದ ಮನೆ, ಶಾಲೆ, ಕೆಲಸದ ಜಾಗ, ಗೆಳೆಯರ ಬಳಗ ಈ ನಾಲ್ಕರಲ್ಲಿ ಎಲ್ಲೆಲ್ಲಿ ಕರೆಸಿಕೊಳ್ಳುತ್ತೀರಿ ಎಂಬುದು ಪ್ರಶ್ನೆ. ಹಾಗೆ ಕರೆಯುವ ಜಾಗ ಒಂದು ಹೆಚ್ಚಿದರೆ ಆತ್ಮಹತ್ಯೆಯ ಯೋಚನೆ ಶೇ. 29ರಷ್ಟು, ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಶೇ. 56ರಷ್ಟು ಕಡಿಮೆ ಕಂಡುಬಂತು. 2016ರಲ್ಲಿ ಕ್ರಿಸ್ಟಿನಾ ಓಲ್ಸನ್ ತಂಡ, ಮನೆಯವರ ಬೆಂಬಲವಿದ್ದ 73 ಟ್ರಾನ್ಸ್ ಮಕ್ಕಳಲ್ಲಿ ಖಿನ್ನತೆಯ ಮಟ್ಟ ಉಳಿದ ಮಕ್ಕಳಷ್ಟೇ ಇದೆಯೆಂದು ಕಂಡಿತು. ಇವು ಚಿಕ್ಕ ಅಧ್ಯಯನಗಳು, ಪರದೇಶದವು. ಕಾರ್ಯಕಾರಣವನ್ನು ಸಾಬೀತುಪಡಿಸುವಂಥವೂ ಅಲ್ಲ. ಆದರೂ ಅವು ತೋರುವ ದಿಕ್ಕು ಸ್ಪಷ್ಟ.

ನಮ್ಮ ತರಗತಿಗೆ ಬಂದರೆ ಈ ಬೆಂಬಲ ಹಾಜರಿ ಪುಸ್ತಕದಿಂದಲೇ ಶುರುವಾಗುತ್ತದೆ. ದಾಖಲೆಯ ಹೆಸರು ಕೂಗಿದಾಗ ಹಿಂದಿನ ಬೆಂಚಿನ ನಗು ಕೇಳಿಸುವ ಮಗು ದಿನವನ್ನು ಅವಮಾನದಿಂದ ಆರಂಭಿಸುತ್ತದೆ. ದಾಖಲೆ ತಿದ್ದಲು ಕಾನೂನಿನ ದಾರಿ ಬೇಕು. ಹೆಸರಿನ ಬದಲು ರೋಲ್ ನಂಬರ್ ಕೂಗಲು ಯಾರ ಅಪ್ಪಣೆಯೂ ಬೇಡ. ಪಿ.ಟಿ. ಪಿರಿಯಡ್ಡಿನಲ್ಲಿ ಹುಡುಗರ ಸಾಲು, ಹುಡುಗಿಯರ ಸಾಲು ಎಂದು ವಿಂಗಡಿಸುವ ಬದಲು ಎತ್ತರದ ಪ್ರಕಾರ ನಿಲ್ಲಿಸಬಹುದು. ಶೌಚಾಲಯಕ್ಕೆ ಹೋಗಲು ಹೆದರಿ ಸಂಜೆವರೆಗೆ ನೀರೇ ಕುಡಿಯದ ಮಗುವಿಗೆ ಸಿಬ್ಬಂದಿಯ ಶೌಚಾಲಯದ ಬೀಗ ತೆರೆದುಕೊಡಬಹುದು. ಈ ದಿಕ್ಕಿನಲ್ಲಿ ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗಾಗಿ ಕೈಪಿಡಿಯೊಂದನ್ನು ತಂದಿತ್ತು. ಆಕ್ಷೇಪಗಳು ಬಂದ ಕೆಲವೇ ದಿನಗಳಲ್ಲಿ ಅದನ್ನು ಜಾಲತಾಣದಿಂದ ತೆಗೆದುಹಾಕಲಾಯಿತು. ನಷ್ಟವಾದದ್ದು ಮಕ್ಕಳಿಗೆ.

ಕೇಳಿಸಿಕೊಳ್ಳುವ ವಿಧಾನ

ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಕೇಳಿಸಿಕೊಳ್ಳುವುದು ಹೇಗೆಂಬುದಕ್ಕೊಂದು ಮಾದರಿ. ಮನೆಬಿಟ್ಟು ಬಂದ ಇಬ್ಬರು ಸಲಿಂಗಿ ಯುವತಿಯರ ಪ್ರಕರಣದಲ್ಲಿ ಅವರು ಯುವತಿಯರನ್ನೂ ಹೆತ್ತವರನ್ನೂ ಆಪ್ತ ಸಮಾಲೋಚನೆಗೆ ಕಳಿಸಿದರು. ತಮಗೂ ಈ ವಿಷಯದ ತಿಳಿವಳಿಕೆ ಸಾಲದೆಂದು ತಾವೇ ಮನಃಶಾಸ್ತ್ರಜ್ಞರ ಮುಂದೆ ಕೂತರು. 2021ರ ಜೂನ್ 7ರ ಆದೇಶದಲ್ಲಿ ಲೈಂಗಿಕತೆ, ಲಿಂಗತ್ವಗಳನ್ನು ಬದಲಿಸುವ ‘ಚಿಕಿತ್ಸೆ’ಯನ್ನು ನಿಷೇಧಿಸಿದರು. ತೀರ್ಪು ಕೊಡುವ ಕುರ್ಚಿಯಲ್ಲಿದ್ದವರೇ ಮೊದಲು ಕಲಿಯಲು ಕೂತದ್ದು ಇಲ್ಲಿ ಮುಖ್ಯ.

ಹೀಗೆ ಕೇಳಿಸಿಕೊಂಡು ಜೊತೆ ನಿಲ್ಲಬಯಸುವವರು ಮೂರು ಪಾಠಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಮಗು ಮಾತಾಡುವಾಗ ‘ಇದೆಲ್ಲ ವಯಸ್ಸಿನ ಹುಚ್ಚು’ ಎಂದು ನಡುವೆ ಬಾಯಿ ಹಾಕಬಾರದು; ದೇಹದ ಬಗ್ಗೆ ಕೆದಕಬಾರದು; ‘ನಿನ್ನನ್ನು ಏನಂತ ಕರೀಲಿ?’ ಎಂದು ಕೇಳಿದರೆ ಸಾಕು. ಎರಡನೆಯದಾಗಿ, ಮಗು ನಂಬಿ ಹೇಳಿದ್ದನ್ನು ಅದರ ಒಪ್ಪಿಗೆಯಿಲ್ಲದೆ ಮತ್ತೊಬ್ಬರಿಗೆ ದಾಟಿಸಬಾರದು, ಏಕೆಂದರೆ ಶಿಕ್ಷಕರ ಒಂದು ಫೋನ್ ಕರೆಯಿಂದ ಮಗು ಬೀದಿಗೆ ಬೀಳಬಹುದು. ಮೂರನೆಯದಾಗಿ, ಮಗುವಿನ ಎದುರು ತೋರಿದ ಪ್ರೀತಿಯನ್ನು ಮಗು ಇಲ್ಲದ ಕಡೆಯೂ, ಅಂದರೆ ಸ್ಟಾಫ್ ರೂಮಿನ ಕುಹಕದ ಎದುರು, ನೆಂಟರ ಮಾತಿನ ಎದುರು ಆಡಿ ತೋರಿಸಬೇಕು.

ಉಪಸಂಹಾರ

ಪರಂಪರೆ ಈ ಮಕ್ಕಳಿಗೆ ಮನೆಯ ಹೊರಗೆ ಆಸರೆ ಕೊಟ್ಟಿತು. ಕಾನೂನು ಮನೆಯನ್ನು ನಂಬಿ ಕೂತಿತು. ಮನೆಯನ್ನು ನಂಬಿಕೆಗೆ ಅರ್ಹವಾಗಿಸುವ ನಡುವಿನ ಕೆಲಸ ಬಾಕಿ ಉಳಿದಿದೆ. ಡಿ.ಎಲ್.ಎಡ್., ಬಿ.ಎಡ್. ಪಠ್ಯದಲ್ಲಿ ಈ ವಿಷಯ ಸೇರಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗಳಿಗೆ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಹಿರಿಯರನ್ನು ಕರೆಸಿ ಹೆತ್ತವರ ಜೊತೆ ಮಾತಾಡಿಸಬೇಕು. ಸರ್ಕಾರ ಇದನ್ನು ಮಾಡುವವರೆಗೆ ಓದುಗರಾದ ನಾವು ಕಾಯಬೇಕಿಲ್ಲ. ನಮ್ಮ ಮನೆಯಲ್ಲೋ ತರಗತಿಯಲ್ಲೋ ಒಂದು ಮಗು ಧೈರ್ಯ ಮಾಡಿ ಬಾಯಿ ತೆರೆದರೆ, ಅದರ ಮಾತು ಮುಗಿಯುವವರೆಗೆ ಕೇಳೋಣ, ಆಮೇಲೆ ಅದರ ಪಕ್ಕದಲ್ಲೇ ನಿಲ್ಲೋಣ.